ಉಸಿರು ನಿಂತಾಗ ಎದೆ ಒತ್ತುವುದು ಹೇಗೆ?

ಪ್ರಶ್ನೆ: ನಮ್ಮ ಕಬ್ಬಿನ ಹೊಲದಲ್ಲಿ ಪಂಪ್‌ಸೆಟ್ಟಿನ ಕರೆಂಟ್ ಹೊಡೆದು ಒಬ್ಬರು ಬಿದ್ದಾಗ ಅಂಗಾಲು ತಿಕ್ಕಿದೆವು, ಉಳ್ಳಾಗಡ್ಡಿ ಮೂಸಿಸಿದೆವು. ಇಂಥಲ್ಲಿ ಸಿಪಿಆರ್ ಮಾಡಬೇಕಿತ್ತು ಎನ್ನುತ್ತಾರೆ. ಹಾಗೆಂದರೇನು? ತರಬೇತಿ ಇಲ್ಲದವರು ಮಾಡಬಹುದೇ? ಪಕ್ಕೆಲುಬು ಮುರಿದರೆ?
– ಓದುಗರು, ಜಮಖಂಡಿ

ಉತ್ತರ: ನಿಂತ ಹೃದಯದ ಕೆಲಸವನ್ನು ಹೊರಗಿನಿಂದ ಕೈಯಲ್ಲಿ ಮಾಡುವುದೇ ಸಿಪಿಆರ್. ಎದೆ ಒತ್ತಿದಾಗ ರಕ್ತ ಮಿದುಳಿಗೆ ಹರಿಯುತ್ತದೆ, ಬಿಟ್ಟಾಗ ಹೃದಯ ಮತ್ತೆ ತುಂಬಿಕೊಳ್ಳುತ್ತದೆ. ರಕ್ತ ಸಿಗದಿದ್ದರೆ ನಾಲ್ಕೈದು ನಿಮಿಷಕ್ಕೇ ಮಿದುಳು ಕೆಡತೊಡಗುತ್ತದೆ. ಅಂಗಾಲು ತಿಕ್ಕುತ್ತ ಕಳೆಯುವುದು ಇದೇ ನಿಮಿಷಗಳನ್ನು.

ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೇ ಮುಟ್ಟಿ. ಭುಜ ತಟ್ಟಿ ಕೂಗಿ, ಹತ್ತು ಸೆಕೆಂಡಿನೊಳಗೆ ಉಸಿರು ನೋಡಿ. ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು, ದಡಕ್ಕೆ ಬಿದ್ದ ಮೀನು ಬಾಯಿ ತೆರೆದಂತೆ, ತಡೆತಡೆದು ಗೊರಕೆಯಂಥ ಸದ್ದು ಬರುತ್ತದೆ. ಅದು ಉಸಿರಾಟವಲ್ಲ! 108ಕ್ಕೆ ಕರೆಮಾಡಿ ಸ್ಪೀಕರ್ ಹಾಕಿ, ಒತ್ತಲು ಶುರುಮಾಡಿ. ಸರಿಯಾಗಿ ಉಸಿರಾಡುತ್ತಿದ್ದರೆ ಮಾತ್ರ ಎದೆ ಒತ್ತಬೇಡಿ, ಮಗ್ಗುಲಿಗೆ ಹೊರಳಿಸಿ.

ಹೊರಸಿನ ಮೇಲೆ ಬೇಡ, ನಿಮ್ಮ ಬಲವೆಲ್ಲ ಅದು ಜೋಲುವುದಕ್ಕೇ ಹೋಗುತ್ತದೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ, ಮೈಭಾರ ಹಾಕಿ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಬೇಕು. ದಣಿದವರು ತಮಗರಿವಿಲ್ಲದೆ ಎದೆಯ ಮೇಲೆ ಒರಗಿಬಿಡುತ್ತಾರೆ, ಹೃದಯ ತುಂಬುವುದೇ ಇಲ್ಲ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಿ.

ತರಬೇತಿ ಇಲ್ಲದವರು ದೊಡ್ಡವರಿಗೆ ಎದೆ ಒತ್ತಿದರಷ್ಟೇ ಸಾಕು. ಹೊಳೆಯಲ್ಲೋ ಕಾಲುವೆಯಲ್ಲೋ ಮುಳುಗಿದವರ ಮಾತು ಬೇರೆ: ಅಲ್ಲಿ ಮೊದಲು ನಿಲ್ಲುವುದು ಉಸಿರು. ಉಸಿರು ಊದಲು ಬರುವವರಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎರಡು ಸಲ ಊದಿ, ನಂತರ 30 ಒತ್ತು, 2 ಊದು. ನೀರು ತೆಗೆಯಲೆಂದು ಹೊಟ್ಟೆ ಅದುಮಬೇಡಿ, ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದೀತು.

ಪಕ್ಕೆಲುಬು ಮುರಿಯಬಹುದು, ವಯಸ್ಸಾದವರಲ್ಲಿ ಲಟಕ್ ಎಂಬ ಸದ್ದೂ ಕೇಳೀತು. ಕೈಯ ಜಾಗ ಸರಿಪಡಿಸಿಕೊಂಡು ಮುಂದುವರಿಸಿ. ಎಲುಬು ಮುಂದೆ ಕೂಡಿಕೊಳ್ಳುತ್ತದೆ.

ಕರೆಂಟ್ ಹೊಡೆದಾಗ ಹೃದಯ ಎಷ್ಟೋ ಸಲ ಬಡಿಯದೆ ಬರೀ ನಡುಗುತ್ತಿರುತ್ತದೆ. ಆ ನಡುಕ ಬಿಡಿಸುವುದು ಎಇಡಿ ಎಂಬ ಶಾಕ್ ಯಂತ್ರ. ಅದು ಬರುವತನಕ ಒತ್ತುವುದನ್ನು ನಿಲ್ಲಿಸಬೇಡಿ. ಅವರು ಎದ್ದು ಕುಳಿತರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ.