ಬಿದ್ದವರಿಗೇ ಆಳಿಗೊಂದು ಕಲ್ಲು ಯಾಕೆ?

ನಿಮ್ಮ ಪ್ರಶ್ನೆ ಓದಿದೆ. ಪುಣೆಯಲ್ಲಿ ನಿಮ್ಮ ಅತ್ತಿಗೆಯ ಸರವನ್ನು ಬೈಕಿನಲ್ಲಿ ಬಂದವರು ಕಿತ್ತುಕೊಂಡು ಹೋಗಿದ್ದಾರೆ. ಆದರೆ ಮನೆಯಲ್ಲಿ ಎಲ್ಲರೂ ಬೈಯುತ್ತಿರುವುದು ಅತ್ತಿಗೆಗೆ. ‘ಕತ್ತಲಾದ ಮೇಲೆ ಬಂಗಾರ ಹಾಕಿಕೊಂಡು ಯಾಕೆ ಹೋಗಬೇಕಿತ್ತು’ ಅಂತ. ನಿಮ್ಮ ಅಮ್ಮನಂತೂ ‘ಮಾಡಿದ್ದುಣ್ಣೋ ಮಹರಾಯ’ ಅಂದುಬಿಟ್ಟರು. ಇಷ್ಟು ಒಳ್ಳೆಯ ಜನ ಹೀಗೆ ಯಾಕೆ ಮಾತಾಡುತ್ತಾರೆ ಎಂದು ಕೇಳಿದ್ದೀರಿ.

ಹೆದರಿಕೆಗೆ. ನಾನೂ ಹಾಗೆ ಮಾತಾಡಿದವಳೇ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ನಾನು ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಇಪ್ಪತ್ತು ವರ್ಷ ದಾಟಿತು. ನಮ್ಮ ಎದುರು ಮನೆಯವರು ವಿಜಯಪುರ ಕಡೆಯವರು. ಅವರ ಮಗ ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕೋಪರ್ ಮತ್ತು ದಿವಾ ನಡುವೆ ಲೋಕಲ್ ಟ್ರೇನಿನ ಬಾಗಿಲಿನಿಂದ ಬಿದ್ದ. ಜೀವ ಉಳಿಯಿತು. ಕಾಲೂ ಭುಜವೂ ಮುರಿದವು. ಸುದ್ದಿ ಕೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು: ‘ಬಾಗಿಲಲ್ಲಿ ಯಾಕೆ ನಿಂತ?’ ನನ್ನ ಮಗನೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಹೋಗುತ್ತಾನೆ.

ಆಸ್ಪತ್ರೆಯಲ್ಲಿ ಅವನ ತಾಯಿ ಬೆಂಚಿನ ಮೇಲೆ ಕೂತಿದ್ದರು. ಮಡಿಲಲ್ಲಿ ಅವನ ಊಟದ ಡಬ್ಬಿ. ಒಂದು ಬದಿ ಪೂರ್ತಿ ನಗ್ಗಿತ್ತು, ಮುಚ್ಚಳ ತೆಗೆಯಲು ಬರುತ್ತಿರಲಿಲ್ಲ. ಬೆಳಿಗ್ಗೆ ಕಟ್ಟಿದ ಚಪಾತಿ ಒಳಗೇ ಇತ್ತು. ನೋಡಲು ಬಂದವರು ಒಬ್ಬೊಬ್ಬರಾಗಿ ಕೇಳುತ್ತಿದ್ದರು. ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದನಾ? ಇಲ್ಲ. ಮೊಬೈಲ್ ನೋಡುತ್ತಿದ್ದನಾ? ಇಲ್ಲ. ಮುಂದಿನ ಗಾಡಿ ಹಿಡಿಯಬಹುದಿತ್ತಲ್ಲ? ಎರಡು ಗಾಡಿ ಬಿಟ್ಟೇ ಮೂರನೆಯದು ಹತ್ತಿದ್ದ. ಎಲ್ಲ ಮುಗಿದ ಮೇಲೆ ಒಬ್ಬರು, ಮನೆದೇವರಿಗೆ ಈ ವರ್ಷ ಹೋಗಿ ಬಂದಿದ್ದೀರಾ ಅಂದರು.

ಆ ತಾಯಿ ನನ್ನ ಕೈ ಹಿಡಿದುಕೊಂಡು, ‘ಅಕ್ಕಾರ, ನನ್ನ ಮಗಾ ಶೋಕಿಗಿ ಬಾಗಲದಾಗ ನಿಂತಿರಲಿಲ್ರೀ. ಒಳಗ ಕಾಲಿಡಾಕ ಜಾಗಾ ಇರಲಿಲ್ಲ’ ಅಂದರು. ಮಗ ಆಪರೇಶನ್ ಕೋಣೆಯಲ್ಲಿದ್ದಾನೆ, ತಾಯಿ ಹೊರಗೆ ಕೂತು ಅವನ ಪರ ವಾದ ಮಾಡಬೇಕು. ಆ ಹೊತ್ತಿಗೆ ನನಗೆ ನಾನು ಅಂದ ಮಾತು ನೆನಪಾಯಿತು.

ಆ ಪ್ರಶ್ನೆಗಳನ್ನು ಕೇಳಿದವರು ಯಾರೂ ಕೆಟ್ಟವರಲ್ಲ. ಅವರು ಹುಡುಕುತ್ತಿದ್ದದ್ದು ಒಂದು ಕಾರಣ. ಅವನು ಹೀಗೆ ಮಾಡಿದ, ನನ್ನ ಮಗ ಹಾಗೆ ಮಾಡುವುದಿಲ್ಲ, ಹಾಗಾಗಿ ನನ್ನ ಮಗನಿಗೆ ಏನೂ ಆಗುವುದಿಲ್ಲ. ಅಷ್ಟು ಸಿಕ್ಕರೆ ರಾತ್ರಿ ನಿದ್ದೆ ಬರುತ್ತದೆ. ನಿಮ್ಮ ಅಮ್ಮನಿಗೂ ಕೊರಳಲ್ಲಿ ಸರ ಇರುತ್ತದೆ, ಅಲ್ವಾ?

ಮೆಲ್ವಿನ್ ಲರ್ನರ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಕ್ಯಾರೊಲಿನ್ ಸಿಮನ್ಸ್ ಜೊತೆ ಸೇರಿ ಮಾಡಿದ ಆ ಕೆಲಸ 1966ರಲ್ಲಿ ಪ್ರಕಟವಾಯಿತು. ಕಾಲೇಜು ಹುಡುಗಿಯರ ಮುಂದೆ ಒಬ್ಬಳಿಗೆ ತಪ್ಪು ಉತ್ತರ ಕೊಟ್ಟಾಗೆಲ್ಲ ಕರೆಂಟ್ ಶಾಕ್ ಕೊಡುತ್ತಿರುವಂತೆ ತೋರಿಸಿದರು. ಅದು ನಟನೆ, ನೋಡುವವರಿಗೆ ಗೊತ್ತಿರಲಿಲ್ಲ. ಸುಮ್ನೆ ನೋಡುತ್ತಾ ಕೂರಬೇಕಾದವರು ಕೊನೆಗೆ ಶಾಕ್ ತಿಂದವಳನ್ನೇ ಕೀಳಾಗಿ ಕಂಡರು. ಬೇರೆಯವರ ಒಳಿತಿಗಾಗಿ ಅವಳು ಈ ನೋವಿಗೆ ಒಪ್ಪಿದ್ದಾಳೆ ಎಂದು ಯಾರಿಗೆ ತಿಳಿಸಿದ್ದರೋ ಆ ಗುಂಪು ಅವಳನ್ನು ಇನ್ನೂ ಜಾಸ್ತಿ ಕೀಳಾಗಿ ಕಂಡಿತು. ನನಗೆ ಇದನ್ನು ಓದಿದಾಗ ಹೊಟ್ಟೆ ತೊಳಸಿತು. ಆದರೆ ಶಾಕ್ ನಿಲ್ಲಿಸುವ ಅವಕಾಶ ಕೊಟ್ಟವರಲ್ಲಿ ಹೆಚ್ಚಿನವರು ನಿಲ್ಲಿಸಿದರು. ತಾವು ಅವಳನ್ನು ಪಾರು ಮಾಡಿದ್ದೇವೆ ಎಂದು ತಿಳಿದವರು ಅವಳನ್ನು ಅಷ್ಟು ಹೀಗಳೆಯಲಿಲ್ಲ.

ಇದನ್ನೇ ನಾನು ನಮ್ಮ ಬಿಲ್ಡಿಂಗಿನಲ್ಲಿ ಕಣ್ಣಾರೆ ಕಂಡೆ. ಕೆಳಗಿನ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಮೊದಲ ದಿನ, ಈಗಿನ ಹುಡುಗರಿಗೆ ಬಾಗಿಲಲ್ಲಿ ಗಾಳಿ ಬೇಕು ಅಂದಿದ್ದರು. ತಾಯಿ ಆಸ್ಪತ್ರೆಯಲ್ಲೇ ಉಳಿದಿದ್ದರಿಂದ ಹುಡುಗನ ತಂಗಿಯ ಊಟಕ್ಕೆ ಯಾರಾದರೂ ಬೇಕಿತ್ತು. ಕಾಕು ಒಪ್ಪಿಕೊಂಡರು. ದಿನಾ ಬೆಳಿಗ್ಗೆ ಅವಳ ಡಬ್ಬಿ ಕಟ್ಟಿದರು. ವಾರದೊಳಗೆ ಅದೇ ಕಾಕು ಮೆಟ್ಟಿಲಲ್ಲಿ ಯಾರಿಗೋ ಜೋರಾಗಿ ಹೇಳುತ್ತಿದ್ದರು, ‘ಅವನು ಏನು ಮಾಡಬೇಕಿತ್ತು? ಗಾಡಿ ಅಷ್ಟು ತುಂಬಿತ್ತು!’

ಈ ಮಾತುಗಳಿಂದ ಇನ್ನೊಂದು ಪೆಟ್ಟೂ ಬೀಳುತ್ತದೆ. ‘ತಪ್ಪು ನಿಮ್ಮ ಹುಡುಗನದೇ, ಪರಿಹಾರ ಸಿಗಲ್ಲ’ ಎಂದು ಎಲ್ಲರೂ ಹೇಳಿ ಹೇಳಿ ಅವನ ತಂದೆ ಅರ್ಜಿಯನ್ನೇ ಹಾಕದೆ ಕೂತಿದ್ದರು. ಕಾನೂನು ಹಾಗಿಲ್ಲ. 1989ರ ರೈಲ್ವೆ ಕಾಯ್ದೆಯ 124ಎ ಕಲಮಿನ ಪ್ರಕಾರ ಟಿಕೆಟ್ ಅಥವಾ ಪಾಸ್ ಇದ್ದ ಪ್ರಯಾಣಿಕ ಟ್ರೇನಿನಿಂದ ಬಿದ್ದರೆ, ಯಾರ ತಪ್ಪು ಎಂದು ನೋಡದೆ ಪರಿಹಾರ ಕೊಡಬೇಕು. ಆತ್ಮಹತ್ಯೆ, ಬೇಕೆಂದೇ ಮಾಡಿಕೊಂಡ ಗಾಯ, ಅಪರಾಧ, ಕುಡಿತ, ಕಾಯಿಲೆ ಇಂಥ ಕೆಲವಕ್ಕೆ ಮಾತ್ರ ಇಲ್ಲ. ತೆರೆದ ಬಾಗಿಲಲ್ಲಿ ನಿಲ್ಲುವುದು ಅಜಾಗರೂಕತೆ ಇರಬಹುದು, ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಅಜಾಗರೂಕತೆಯ ಕಾರಣಕ್ಕೆ ಪರಿಹಾರ ತಪ್ಪಿಸುವಂತಿಲ್ಲ ಎಂದು 2018ರಲ್ಲಿ ಮತ್ತೆ ಹೇಳಿತು. ಅರ್ಜಿಗೆ ಒಂದು ವರ್ಷದ ಗಡುವು. ನೆರೆಹೊರೆಯವರ ಮಾತು ಕೇಳಿ ಎಷ್ಟು ಮನೆಯವರು ಆ ಗಡುವು ದಾಟಿಸಿದ್ದಾರೋ. ಇವರು ಹೇಗೋ ಸಮಯಕ್ಕೆ ಹಾಕಿದರು.

2025ರ ಜೂನ್ 9ರಂದು ಮುಂಬ್ರಾ ಹತ್ತಿರ ಎದುರುಬದುರು ಹಾದುಹೋದ ಎರಡು ಲೋಕಲ್‌ಗಳಿಂದ ಜನ ಬಿದ್ದು ಸತ್ತರಲ್ಲ, ಮಾರನೆಯ ದಿನ ಲೇಡೀಸ್ ಬೋಗಿಯಲ್ಲಿ ಮತ್ತೆ ಅದೇ ಮಾತು. ‘ಜೋತಾಡುತ್ತಾರೆ, ಬೀಳುತ್ತಾರೆ.’ ಹೇಳಿದಾಕೆ ಸ್ವತಃ ಬಾಗಿಲ ಕಂಬ ಹಿಡಿದು ನಿಂತಿದ್ದಳು.

ಎಚ್ಚರಿಕೆ ಹೇಳಬಾರದು ಅಂತಲ್ಲ. ನನ್ನ ಮಗನಿಗೆ ದಿನಾ ಹೇಳುತ್ತೇನೆ. ಆದರೆ ಅದನ್ನು ಹೊರಡುವಾಗ ಹೇಳಬೇಕು. ರಕ್ತ ಒರೆಸುವಾಗ ಹೇಳಿದರೆ ಅದು ಬುದ್ಧಿಮಾತು ಅಲ್ಲ.

ಅಮ್ಮನ ಜೊತೆ ಕರ್ಮದ ಬಗ್ಗೆ ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ. ಅವರಿಗೆ ಒಂದು ಕೆಲಸ ಕೊಡಿ. ಅತ್ತಿಗೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರಾ? ಇಲ್ಲವಾದರೆ ನಾಳೆಯೇ ಹೋಗಲಿ, ಅಮ್ಮ ಜೊತೆಗೆ ಹೋಗಲಿ. ಸರದ ರಸೀದಿ ಹುಡುಕಿ ಕೊಡಲಿ. ಕೊರಳಲ್ಲಿ ಗೀರು ಬಿದ್ದಿರುತ್ತದೆ, ರಾತ್ರಿ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಲು ಅಮ್ಮನನ್ನೇ ಕರೆಯಿರಿ.