ಸಂಪಾದಕರ ಉತ್ತರ: ಮೀಟರ್ ಹಾಕೋದೂ ದೀನೇ (ಧರ್ಮವೇ)

ಅಸ್ಸಲಾಮು ಅಲೈಕುಮ್ ಭಾಯ್,

ನಿಮ್ಮ ಕಾಗದ ಸಿಕ್ತು. ಹೆಸರು ಹಾಕ್ಬೇಡಿ ಅಂದಿದೀರ, ಹಾಕಿಲ್ಲ. ಬೇರೆ ಓದುಗರಿಗೆ ವಿಷಯ ತಿಳೀಲಿ ಅಂತ ಚಿಕ್ಕದಾಗಿ ಹೇಳ್ಬಿಡ್ತೀನಿ: ಇವರು ಬೆಂಗಳೂರಿನ ಟ್ಯಾನರಿ ರೋಡ್ ಕಡೆಯವರು, ಬಾಡಿಗೆ ಆಟೋ ಓಡಿಸ್ತಾರೆ, ಶುಕ್ರವಾರ ಜುಮಾ ತಪ್ಪಿಸಲ್ಲ, ಉಳಿದ ದಿನ ನಮಾಜ್ ಸಿಕ್ಕಿದ್ರೆ ಸಿಕ್ತು ಇಲ್ದಿದ್ರೆ ಇಲ್ಲ. ಬರ್ದಿರೋದು ಹೀಗೆ: "ಬಯಾನ್ (ಮಸೀದಿಯ ಪ್ರವಚನ) ಕೇಳ್ತಾ ಕೂತಾಗ ಕಣ್ಣು ತುಂಬುತ್ತೆ, ಹೊರಗೆ ಬಂದು ಗಾಡಿ ಸ್ಟಾರ್ಟ್ ಮಾಡಿದ್ರೆ ಎಲ್ಲಾ ಮರೆತೋಗುತ್ತೆ, ಮೀಟರ್ ಮೇಲೆ ಎಷ್ಟು ಕೇಳ್ಬೋದು ಅನ್ನೋದೇ ತಲೇಲಿ. ನಾನು ಡೋಂಗಿ ಮುಸಲ್ಮಾನನಾ? ದಿನಾ ದುಡಿಯೋನಿಗೆ ಇಸ್ಲಾಂ ಅಂದ್ರೆ ಏನು ಸಾರ್?" ಕೊನೇಲಿ ಇನ್ನೊಂದು ಪ್ರಶ್ನೆ ಇದೆ, ಇಷ್ಟು ವರ್ಷ ಜಾಸ್ತಿ ತಗೊಂಡ ದುಡ್ಡಿಗೆ ಏನ್ ಮಾಡೋದು ಅಂತ.

ಮೊದಲು ಆ ಡೋಂಗಿ ಅನ್ನೋ ಮಾತು ಬಿಡಿ ಭಾಯ್. ಇದೇ ಮಾತನ್ನ ತನ್ನ ಬಗ್ಗೆ ತಾನೇ ಹೇಳ್ಕೊಂಡು ಅತ್ತವರು ಒಬ್ಬ ಸಹಾಬಿ (ಪ್ರವಾದಿ ಮುಹಮ್ಮದರ ಸಂಗಾತಿ), ಹನ್‌ಝಲಾ(ರ). ದಾರೀಲಿ ಪ್ರವಾದಿಯವರ ಆಪ್ತ ಗೆಳೆಯ ಅಬೂಬಕರ್(ರ) ಸಿಕ್ಕಿ ಹೇಗಿದೀಯಪ್ಪ ಅಂತ ಕೇಳಿದ್ದಕ್ಕೆ, ಹನ್‌ಝಲಾ ಮುನಾಫಿಕ್ (ಕಪಟಿ) ಆಗೋದ ಅಂದ್ರು. ಪ್ರವಾದಿ(ಸ)ರ ಹತ್ರ ಕೂತಾಗ ಸ್ವರ್ಗ ನರಕ ಕಣ್ಣೆದುರಿಗೇ ಇರೋ ಹಾಗಿರುತ್ತೆ, ಮನೆಗೆ ಹೋಗಿ ಹೆಂಡತಿ ಮಕ್ಕಳು ಸಂಪಾದನೆ ಅಂತ ಬಿದ್ರೆ ಎಷ್ಟೋ ಮರೆತೋಗುತ್ತೆ ಅಂತ. ಅಬೂಬಕರ್ ಅಂಥವರೇ ನನಗೂ ಹಾಗೇ ಆಗುತ್ತಲ್ಲ ಅಂದು ಇಬ್ಬರೂ ಪ್ರವಾದಿ(ಸ)ರ ಹತ್ರ ಹೋದ್ರು. ಅಲ್ಲಿ ಸಿಕ್ಕ ಉತ್ತರ ಪ್ರವಾದಿಯವರ ಮಾತುಗಳ (ಹದೀಸ್) ಸಂಗ್ರಹ ಸಹೀಹ್ ಮುಸ್ಲಿಮ್‌ನಲ್ಲಿದೆ: ನನ್ನ ಹತ್ರ ಇರುವಾಗಿನ ಆ ಸ್ಥಿತೀಲೇ ನೀವು ಯಾವಾಗ್ಲೂ ಇದ್ದಿದ್ರೆ ಮಲಕ್‌ಗಳು (ದೇವದೂತರು) ನಿಮ್ಮ ಹಾಸಿಗೇಲೂ ದಾರೀಲೂ ಬಂದು ಕೈ ಕುಲುಕ್ತಿದ್ರು, ಆದ್ರೆ ಹನ್‌ಝಲಾ, ಇದಕ್ಕೊಂದು ಹೊತ್ತು, ಅದಕ್ಕೊಂದು ಹೊತ್ತು. ಮದೀನಾದಲ್ಲಿ ಪ್ರವಾದಿಯವರ ಎದುರಿಗೇ ಕೂತು ಬಂದವರಿಗೇ ಹೀಗಾಗ್ತಿತ್ತು ಅಂದ್ರೆ ಸಿಲ್ಕ್ ಬೋರ್ಡ್ ಜಾಮಲ್ಲಿ ನಿಂತಿರೋ ನಿಮಗೆ ಆಗೋದು ದೊಡ್ಡ ವಿಷಯ ಅಲ್ಲ. ಕಣ್ಣೀರು ಆರಿಹೋಗುತ್ತೆ, ಪರ್ವಾಗಿಲ್ಲ. ಆರಿದ ಮೇಲೆ ಕೈ ಏನ್ ಮಾಡುತ್ತೆ ಅನ್ನೋದು ನೋಡ್ಬೇಕು.

ಅದಕ್ಕೇ ಮೀಟರ್ ವಿಷಯಕ್ಕೆ ಬರ್ತೀನಿ, ನೀವೇ ಎತ್ತಿದ್ದೀರಲ್ಲ. ಕುರ್‌ಆನಿನ 83ನೇ ಸೂರಾ (ಅಧ್ಯಾಯ) ಶುರುವಾಗೋದೇ ಅಳತೇಲಿ ಮೋಸ ಮಾಡೋರಿಗೆ ಕೇಡಿದೆ ಅಂತ. ಯಾರವರು? ತಾವು ಜನರಿಂದ ಅಳೆದು ತಗೊಳ್ಳುವಾಗ ಪೂರ್ತಿ ತಗೋತಾರೆ, ಅಳೆದೋ ತೂಗಿಯೋ ಕೊಡುವಾಗ ಕಡಿಮೆ ಕೊಡ್ತಾರೆ. ನೋಡಿ, ತಕ್ಕಡಿ ಹಿಡಿಯೋ ಕೈಯನ್ನ ಅಲ್ಲಾಹ್ ನೋಡ್ತಿದಾನೆ ಅಂತ ಹೇಳೋಕೆ ಒಂದು ಸೂರಾ ಇದೆ, ಅದೇ ಸೂರಾ ಮುಂದೆ ಅವರು ತಾವು ಎಬ್ಬಿಸಲ್ಪಡೋ ದಿನ ಇದೆ ಅಂತ ಯೋಚ್ನೆ ಮಾಡಲ್ವಾ ಅಂತ ಕೇಳುತ್ತೆ. ನಿಮ್ಮ ತಕ್ಕಡಿ ಆ ಮೀಟರ್. ಬೆಂಗಳೂರಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಒಂದೂವರೆ ಪಟ್ಟು, ಅದು ನಿಮ್ಮ ಹಕ್ಕು, ಕೇಳಿ ತಗೊಳ್ಳಿ, ಸಂಕೋಚ ಬೇಡ. ಸಂಜೆ 8 ಗಂಟೆಗೇ ಒನ್ ಅಂಡ್ ಹಾಫ್ ಕೇಳಿದ್ರೆ ಅದು ಹಕ್ಕಲ್ಲ. ಈ ರೇಟಿಗೆ ಓಡಿಸ್ತೀನಿ ಅನ್ನೋ ಷರತ್ತಿನ ಮೇಲೇ ಪರ್ಮಿಟ್ ಸಿಕ್ಕಿರೋದು, ಒಪ್ಪಂದಗಳನ್ನ ಪೂರೈಸಿ ಅಂತ ಅಲ್-ಮಾಇದಾ ಸೂರಾದ ಮೊದಲ ಆಯತ್ತಲ್ಲೇ (ವಚನದಲ್ಲೇ) ಇದೆ.

ನೀವು ಕೇಳ್ಬೋದು, ಕಸ್ಟಮರ್ ಒಪ್ಕೊಂಡೇ ಹತ್ತಿದಾರಲ್ಲ ಅಂತ. ವ್ಯಾಪಾರ ಪರಸ್ಪರ ಒಪ್ಪಿಗೇಲಿ ಇರ್ಬೇಕು ಅಂತ ಕುರ್‌ಆನ್ ಹೇಳೋದು ನಿಜಾನೇ. ಆದ್ರೆ ಜೋರು ಮಳೇಲಿ ಮಗು ಎತ್ಕೊಂಡು ಬಸ್ ಸ್ಟಾಪಲ್ಲಿ ನಿಂತಿರೋ ಹೆಂಗಸು 300 ರೂಪಾಯಿಗೆ ಹೂಂ ಅಂದ್ರೆ ಅದು ಒಪ್ಪಿಗೆ ಅಲ್ಲ ಭಾಯ್, ಗತಿ ಇಲ್ಲದೆ ಅಂದಿದ್ದು, ಅದು ನಿಮಗೂ ಗೊತ್ತು, ಗೊತ್ತಿರೋದಕ್ಕೇ ಕಾಗದ ಬರ್ದಿದೀರ. ಪ್ರವಾದಿ(ಸ)ರು ಒಂದು ಸಲ ಪೇಟೇಲಿ ಧಾನ್ಯದ ರಾಶಿಗೆ ಕೈ ಹಾಕಿದ್ರು, ಒಳಗೆ ಬೆರಳಿಗೆ ಒದ್ದೆ ತಾಗ್ತು. ಏನಿದು ಅಂದ್ರೆ ವ್ಯಾಪಾರಿ ಮಳೆ ಬಿತ್ತು ಅಂದ. ಹಾಗಾದ್ರೆ ಜನ ನೋಡೋ ಹಾಗೆ ಒದ್ದೆಯಾಗಿರೋದನ್ನ ಮೇಲೆ ಇಡಬಾರದಿತ್ತಾ, ಮೋಸ ಮಾಡೋನು ನಮ್ಮವನಲ್ಲ ಅಂದ್ರು. ಮೀಟರ್ ಹಾಕ್ತೀನಿ ಅಂತ ಕೂರಿಸ್ಕೊಂಡು ಇಳಿಯುವಾಗ ಟ್ರಾಫಿಕ್ ಜಾಸ್ತಿ ಇತ್ತು ಇನ್ನೊಂದು 50 ಕೊಡಿ ಅನ್ನೋದು ಈ ಲೆಕ್ಕಕ್ಕೇ ಬರುತ್ತೆ.

ನಿಮ್ಮ ಕಷ್ಟ ಗೊತ್ತಿಲ್ಲ ಅಂತಲ್ಲ. ದಿನಾ ಓನರ್‌ಗೆ ಬಾಡಿಗೆ ಕಟ್ಬೇಕು, ಗ್ಯಾಸ್ ಹಾಕಿಸ್ಬೇಕು, ಜೂನ್ ಬಂದ್ರೆ ಮಕ್ಕಳ ಫೀಸು. ಹಾಗಂತ ಆ ಭಾರ ಮಳೇಲಿ ನಿಂತವರ ಮೇಲೆ ಹಾಕೋಕಾಗಲ್ಲ ಅಲ್ವಾ. ಹೆಂಡತಿ ಮಕ್ಕಳಿಗೆ ಹಲಾಲ್ ಊಟ ಹಾಕ್ಬೇಕು ಅಂತ ಬೆಳಗ್ಗೆ ಗಾಡಿ ತೆಗೆದ್ರೆ ಆ ನಿಯತ್ತಿಗೆ (ಉದ್ದೇಶಕ್ಕೆ) ಸವಾಬ್ (ಪುಣ್ಯ) ಇದೆ, ಮನೆಯವರಿಗೆ ಖರ್ಚು ಮಾಡೋದೂ ಸದಕಾ (ದಾನ) ಅಂತ ಹದೀಸ್ ಇದೆ. ಜುಮಾ ಮುಗಿದ ಮೇಲೆ ಭೂಮೀಲಿ ಹರಡ್ಕೊಳ್ಳಿ, ಅಲ್ಲಾಹನ ಅನುಗ್ರಹ ಹುಡುಕಿ ಅಂತ ಕುರ್‌ಆನೇ ಹೇಳುತ್ತೆ. ಅಂದ್ರೆ ಮಸೀದಿ ಬಿಟ್ಟು ಗಾಡಿ ಹತ್ತಿದ್ರಲ್ಲ, ನಿಮ್ಮನ್ನ ಅಲ್ಲಿಗೆ ಕಳಿಸಿದ್ದೇ ಅವನು.

ಕಾಗದದ ಮಧ್ಯೆ ಒಂದೇ ಸಾಲಲ್ಲಿ ಒಂದು ಮಾತು ಬರ್ದು ಮುಂದೆ ಹೋಗ್ಬಿಟ್ಟಿದೀರ. ಯಾರೋ ಹುಡುಗ ಲ್ಯಾಪ್‌ಟಾಪ್ ಬ್ಯಾಗ್ ಮರೆತು ಇಳಿದಿದ್ದು, ನೀವು ಹೆಬ್ಬಾಳದಿಂದ ವಾಪಸ್ ಕೆಂಗೇರಿ ತನಕ ಖಾಲಿ ಗಾಡಿ ಓಡಿಸ್ಕೊಂಡು ಹೋಗಿ ಕೊಟ್ಟಿದ್ದು, ಅವತ್ತಿನ ಕಲೆಕ್ಷನ್ ಹಾಳಾಯ್ತು ಅಂತ. ಯಾವುದೋ ಸಣ್ಣ ವಿಷಯ ಅನ್ನೋ ಹಾಗೆ ಬರ್ದಿದೀರ! ಸಿಕ್ಕಿದ ವಸ್ತುವನ್ನ ಗುರುತಿಟ್ಕೊಂಡು ಒಂದು ವರ್ಷ ಸಾರಿ ಹೇಳ್ಬೇಕು ಅಂತ ಕಲಿಸಿದ ದೀನ್ ನಮ್ಮದು, ಅಷ್ಟು ದೂರದ ಆ ಖಾಲಿ ಸವಾರೀಲಿ ನಿಮ್ಮ ಇಸ್ಲಾಂ ಪೂರ್ತಿ ಎಚ್ಚರ ಇತ್ತು.

ಇನ್ನು ನಮಾಜ್. ಸ್ಟ್ಯಾಂಡಲ್ಲಿರೋ ದೋಸ್ತ್ ಒಬ್ಬ ಐದು ಹೊತ್ತೂ ಮಾಡ್ತಾನೆ, ನಿಮ್ಮನ್ನ ಹೀಯಾಳಿಸ್ತಾನೆ, ಆದ್ರೆ ಡಬಲ್ ರೇಟ್ ಇಲ್ದೆ ಗಾಡಿ ತೆಗೆಯಲ್ಲ ಅಂದಿದೀರ. ಅವನ ಲೆಕ್ಕ ಅಲ್ಲಾಹನಿಗೆ ಬಿಡಿ. ನಮಾಜಿನ ಬಗ್ಗೆ ಗಮನ ಇಲ್ಲದ, ತೋರಿಕೆಗೆ ಮಾಡೋ, ಸಣ್ಣಪುಟ್ಟ ಉಪಕಾರಕ್ಕೂ ಕೈ ಹಿಂದೆ ಎಳೆಯೋ ನಮಾಜಿಗಳಿಗೆ ಎಂಥ ಎಚ್ಚರಿಕೆ ಇದೆ ಅಂತ 107ನೇ ಸೂರಾ ಓದಿದ್ರೆ ಗೊತ್ತಾಗುತ್ತೆ, ಬರೀ ಏಳೇ ಆಯತ್. ಆದ್ರೆ ಅವನನ್ನ ತೋರಿಸಿ ನಾನು ಮೀಟರ್ ಸರಿ ಹಾಕ್ತೀನಿ, ಮನಸ್ಸು ಚೆನ್ನಾಗಿದ್ರೆ ಸಾಕು, ನಮಾಜ್ ಯಾಕೆ ಅಂತ ನೀವು ಹೇಳಿದ್ರೆ ಅದನ್ನೂ ನಾನು ಒಪ್ಪಲ್ಲ. ಈಚೆಗೆ ಈ ಮಾತು ಓದಿದ ಹುಡುಗರ ಬಾಯಲ್ಲೂ ತುಂಬಾ ಕೇಳ್ತಿದೀನಿ, ಬೇಜಾರಾಗುತ್ತೆ. ನಮಾಜ್ ಅನ್ನೋದು ಗಾಡಿಗೆ ಬ್ರೇಕ್ ಇದ್ದ ಹಾಗೆ, ಅದಿಲ್ದೆ ಒಳ್ಳೆ ಮನಸ್ಸು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಹೇಳೋಕಾಗಲ್ಲ. ದಿನಕ್ಕೆ ಐದು ಸಲ ಗಾಡಿ ನಿಲ್ಲಿಸಿ ಅಲ್ಲಾಹನ ಮುಂದೆ ನಿಂತವನಿಗೆ ಆರನೇ ಸಲ ಸುಳ್ಳು ರೇಟ್ ಹೇಳುವಾಗ ನಾಲಿಗೆ ತಡವರಿಸ್ಬೇಕು, ತಡವರಿಸ್ಲಿ.

ನಿಮಗೆ ಜಾಸ್ತಿ ತಪ್ಪಿಹೋಗೋದು ಸಂಜೆಯ ಮಗ್ರಿಬ್ ನಮಾಜ್ ಅಂದಿದೀರ, ಅದು ಸಹಜ, ಸೂರ್ಯ ಮುಳುಗೋ ಹೊತ್ತೂ ಆಫೀಸ್ ಬಿಡೋ ಹೊತ್ತೂ ಒಂದೇ. ಆದ್ರೂ ನಮ್ಮೂರಲ್ಲಿ ಅದಕ್ಕೆ ಒಂದು ಗಂಟೆ ಮೇಲೆ ಸಮಯ ಇರುತ್ತೆ. ಕೂತಿರೋ ಪ್ಯಾಸೆಂಜರ್‌ನ ಇಳಿಸಿ, ಮುಂದಿನ ಬುಕಿಂಗ್ ತಗೊಳ್ಳೋ ಮುಂಚೆ ಆ್ಯಪ್ ಆಫ್ ಮಾಡಿ, ಮೂರು ರಕಾತ್ (ನಮಾಜಿನ ಸುತ್ತು) ಫರ್ಝ್ (ಕಡ್ಡಾಯದ್ದು) ಮುಗಿಸಿ. ವುಝೂಗೆ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋದಕ್ಕೆ) ಜಾಗ ಎಲ್ಲಿ ಅಂತೀರ, ನಿಮ್ಮ ಸೀಟ್ ಪಕ್ಕ ಇರೋ ಒಂದು ಲೀಟರ್ ಬಾಟಲಿ ಸಾಕು. ಪ್ರವಾದಿ(ಸ)ರು ಒಂದು ಮುದ್ (ಆಗಿನ ಕಾಲದ ಅಳತೆ) ನೀರಲ್ಲಿ ವುಝೂ ಮಾಡ್ತಿದ್ರು, ಅದು ಒಂದು ಲೀಟರ್ ಕೂಡ ಆಗಲ್ಲ. ಫುಟ್‌ಪಾತ್ ಅಂಚಲ್ಲಿ ಕೂತು, ಮುಚ್ಚಳ ಸ್ವಲ್ಪ ಸಡಿಲ ಮಾಡಿ ಸಣ್ಣಗೆ ಬಿಟ್ಕೊಂಡು, ಅಂಗೈ, ಬಾಯಿ, ಮೂಗು, ಮುಖ, ಮೊಣಕೈ ತನಕ ಕೈ, ಒದ್ದೆ ಕೈಯಲ್ಲಿ ತಲೆ ಸವರಿ, ಕೊನೆಗೆ ಹರಡು ತನಕ ಕಾಲು. ಒಂದೊಂದು ಸಲ ಸರಿಯಾಗಿ ತೊಳೆದ್ರೂ ಫರ್ಝ್ ಆಯ್ತು, ಬಾಟಲಿ ತಳದಲ್ಲಿ ಕುಡಿಯೋಕೂ ಉಳಿಯುತ್ತೆ. 2024ರ ಬೇಸಿಗೇಲಿ ಬೋರ್‌ವೆಲ್ ಒಣಗಿ ಜನ ಟ್ಯಾಂಕರ್‌ಗೆ ಕಾದಿದ್ದನ್ನ ನೋಡಿದ ಮೇಲೂ ವುಝೂಖಾನಾದಲ್ಲಿ ನಲ್ಲಿ ಪೂರ್ತಿ ತಿರುಗಿಸಿಟ್ಟು ಪಕ್ಕದವರ ಜೊತೆ ಮಾತಾಡ್ತಾ ಕೂರೋರಿದಾರಲ್ಲ, ಅವರೂ ಈ ಸುನ್ನತ್ (ಪ್ರವಾದಿಯವರ ರೂಢಿ) ಕಲೀಬೇಕು. ಪೂರ್ತಿ ತಪ್ಪಿಹೋದ ನಮಾಜ್ ಕಝಾ ಮಾಡ್ಕೊಳ್ಳಿ, ಅಂದ್ರೆ ಆಮೇಲೆ ಮಾಡಿ ತೀರಿಸಿ. ಎರಡು ನಮಾಜ್ ಸೇರಿಸಿ ಮಾಡ್ಬೋದಾ ಅನ್ನೋದು ಹನಫಿ, ಶಾಫಿ ಪಂಥಗಳಲ್ಲಿ ಬೇರೆ ಬೇರೆ ಇದೆ, ನಿಮ್ಮ ಮಹಲ್ಲಾದ ಇಮಾಮ್ ಸಾಬರನ್ನ ಕೇಳಿ. ಒಂದೇ ಸಲ ಐದಕ್ಕೆ ಹೋಗಿ ಸುಸ್ತಾಗಿ ಬಿಟ್ಬಿಡೋ ಭಯ ಇದ್ರೆ ಮೊದಲು ಮಗ್ರಿಬ್ ಗಟ್ಟಿ ಮಾಡಿ, ಅಲ್ಲಿಂದ ಉಳಿದಿದ್ದಕ್ಕೆ ಬೇಗ ಬನ್ನಿ, ಐದೂ ಫರ್ಝ್ ಅನ್ನೋದು ಮರೀಬೇಡಿ.

ಕೊನೇ ಪ್ರಶ್ನೆ, ಹಿಂದೆ ತಗೊಂಡ ದುಡ್ಡು. ತೌಬಾ (ಪಶ್ಚಾತ್ತಾಪ) ಮಾಡಿದ್ರೆ ಅಲ್ಲಾಹನ ಹಕ್ಕು ಅವನು ಮನ್ನಿಸ್ತಾನೆ, ಜನರ ಹಕ್ಕು ಜನರಿಗೇ ಹೋಗ್ಬೇಕು. ದಿನಾ ಬರೋ ಕಸ್ಟಮರ್ ಆಗಿದ್ರೆ ಹೇಳಿ ವಾಪಸ್ ಕೊಡಿ, ಇಲ್ಲಾ ಮಾಫ್ ಮಾಡಿ ಅಂತ ಕೇಳಿ. ಯಾರು ಅಂತಾನೇ ಗೊತ್ತಿಲ್ದೇ ಇರೋರದ್ದು, ಅಂಥವರೇ ಜಾಸ್ತಿ ಇರ್ತಾರೆ, ಎಷ್ಟಾಗಿರ್ಬೋದು ಅಂತ ಅಂದಾಜು ಮಾಡಿ ಅವರ ಹೆಸರಲ್ಲಿ ಬಡವರಿಗೆ ಕೊಟ್ಬಿಡಿ, ನನ್ನ ಸದಕಾ ಅಂತ ಲೆಕ್ಕ ಇಟ್ಕೋಬೇಡಿ, ಝಕಾತ್ (ಕಡ್ಡಾಯ ದಾನ) ಲೆಕ್ಕಕ್ಕೂ ಸೇರಿಸ್ಬೇಡಿ. ಒಟ್ಟಿಗೆ ಆಗಲ್ಲ ಅಂದ್ರೆ ತಿಂಗಳು ತಿಂಗಳು ಕೈಲಾದಷ್ಟು ಕೊಡಿ. ಕುರ್‌ಆನಿನ ಎಲ್ಲಕ್ಕಿಂತ ಉದ್ದದ ಆಯತ್ ಸಾಲ ಬರೆದಿಡೋದರ ಬಗ್ಗೆ ಇದೆ, ಅದಕ್ಕೇ ನೀವೂ ಇದನ್ನ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ, ಬಾಕಿ ಎಷ್ಟಿದೆ ಅಂತ ಮನೆಯವರಿಗೂ ತಿಳಿಸಿರಿ.

ವಸ್ಸಲಾಮ್,
ಸಂಪಾದಕ