ಗುಳಿಗೆ ಬಿಟ್ಟರೂ ಕಪ್ಪು

ಸಿಂಧನೂರು ಕಡೆಯವರು, ವಯಸ್ಸು ಐವತ್ತು ದಾಟಿದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕುಡಿತದಿಂದ ಲಿವರ್ ಸಿರೋಸಿಸ್, ಅಂದರೆ ಲಿವರ್ ಗಾಯಗೊಂಡು ಗಟ್ಟಿಯಾಗೋ ಕಾಯಿಲೆ. ಕುಡಿಯೋದು ಬಿಟ್ಟು ಎರಡು ವರ್ಷ ಆಯ್ತು. ರಾಯಚೂರಿಗೆ ನನ್ನ ಹತ್ತಿರ ಬಂದಾಗ ಫೈಲು ಹಿಡಿದು ಮಾತಾಡಿದ್ದು ಮಗ.

“ಮೇಡಂ, ಅಪ್ಪಗ ಕಬ್ಬಿಣದಂಶ ನಾರ್ಮಲ್ ಐತ್ರಿ. ಅದಕ್ಕ ಗುಳಿಗಿ ಬಂದ್ ಮಾಡೀವಿ. ಆದ್ರ ಸುಸ್ತು ಹೋಗವಲ್ದು.”

ರಿಪೋರ್ಟಿನಲ್ಲಿ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಸೂಚಕ, 85. ಪಕ್ಕದಲ್ಲಿ ಪೆನ್ನಿನಿಂದ ಟಿಕ್ ಹಾಕಿದ್ದ. ಅವನ ತಪ್ಪಲ್ಲ, ಲ್ಯಾಬಿನವರು ಅಚ್ಚು ಹಾಕಿದ ಮಿತಿಯೊಳಗೇ ಇತ್ತು. ಆದರೆ ಲಿವರ್ ಕಾಯಿಲೆ ಇದ್ದವರಲ್ಲಿ ಫೆರಿಟಿನ್ ಒಂದನ್ನೇ ನಂಬೋ ಹಾಗಿಲ್ಲ. ಉರಿಯೂತ ಇದ್ದರೆ, ಮೈಯಲ್ಲಿ ಕಬ್ಬಿಣ ಬರಿದಾಗಿದ್ದರೂ ಅದು ಏರಿಯೇ ಕೂತಿರುತ್ತದೆ.

ಉಳಿದ ಸಾಲುಗಳನ್ನು ಬೆರಳಿಟ್ಟು ತೋರಿಸಿದೆ. ಹಿಮೋಗ್ಲೋಬಿನ್ 8.4. ಗಂಡಸರಿಗೆ 13ರ ಕೆಳಗೆ ಅಂದರೆ ರಕ್ತಹೀನತೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರೋ ಪ್ರೋಟೀನು ಎಷ್ಟು ತುಂಬಿದೆ ಅನ್ನೋ ಲೆಕ್ಕ, ಶೇ. 9. ಅದು 20ಕ್ಕಿಂತ ಕಮ್ಮಿ ಇದ್ದರೆ ಕಬ್ಬಿಣದ ಕೊರತೆಯ ಅನುಮಾನ. ಎಂಸಿವಿ 72, ಅಂದರೆ ಕೆಂಪು ಕಣಗಳು ಸಣ್ಣವು. ಕುಡಿತದವರಲ್ಲಿ, ಫೋಲೇಟ್ ಅನ್ನೋ ವಿಟಮಿನ್ ಸಾಲದವರಲ್ಲಿ ಕಣ ದಪ್ಪಗಾಗೋದೇ ಜಾಸ್ತಿ. ಇಲ್ಲಿ ಉಲ್ಟಾ. ರಕ್ತ ಎಲ್ಲೋ ಸೋರುತ್ತಿದೆಯಾ?

“ಯಜಮಾನ್ರೇ, ಸಂಡಾಸ್ ಯಾವ ಬಣ್ಣ ಐತ್ರಿ?”

ಅವರು ಮಗನ ಮುಖ ನೋಡಿ, ಟವೆಲ್ ಹಿಂಡುತ್ತಾ ಹೇಳಿದರು: “ಕರ್ರಗ, ಡಾಂಬರ್ ಇದ್ದಂಗ. ಕಬ್ಬಿಣದ ಗುಳಿಗಿ ತಿಂದ್ರ ಹಂಗಾ ಅಕ್ಕೈತಿ ಅಂದಿದ್ರಲ್ರಿ.”

ಆಗುತ್ತದೆ, ನಿಜ. ಆದರೆ ಗುಳಿಗೆ ನಿಲ್ಲಿಸಿ ಮೂರು ವಾರವಾಗಿತ್ತು. ಹೊಟ್ಟೆಯೊಳಗೆ ರಕ್ತ ಸೋರಿದರೂ ಹೀಗೇ ಕರ್ರಗಾಗುತ್ತದೆ. ಮಗ ಪೆನ್ನಿನ ಕ್ಯಾಪ್ ಹಾಕಿ ಸುಮ್ನೆ ಕೂತ.

ಅವತ್ತೇ ಆಸ್ಪತ್ರೆಗೆ ಕಳಿಸಿದೆ. ಎಂಡೋಸ್ಕೋಪಿಯಲ್ಲಿ ಜಠರದ ಒಳಪದರದಿಂದ ರಕ್ತ ಜಿನುಗೋದು ಕಂಡಿತು. ಸಿರೋಸಿಸ್‌ನಲ್ಲಿ ಲಿವರ್‌ಗೆ ಹೋಗೋ ರಕ್ತನಾಳದ ಒತ್ತಡ ಏರಿದರೆ ಹೀಗೂ ಆಗುತ್ತದೆ.

ಮುಂದಿನ ಭೇಟಿಯಲ್ಲಿ ಹೇಳಿದ್ದು ಇಷ್ಟು. ಮೊಣಕಾಲು ನೋವಿಗೆ ಅಂಗಡಿಯಿಂದ ತರೋ ಗುಳಿಗೆ ಪೂರ್ತಿ ಬಂದ್, ಅವು ರಕ್ತ ಸೋರಿಸುತ್ತವೆ. ಕಬ್ಬಿಣ ಗುಳಿಗೆಯೋ ಸಲೈನೋ, ಆಸ್ಪತ್ರೆಯ ಡಾಕ್ಟರೇ ಹೇಳಲಿ. ಗುಳಿಗೆಯಾದರೆ ಚಹಾದ ಜೊತೆ ಬೇಡ. ಮಲ ಕಟ್ಟಿದರೆ ತಕ್ಷಣ ತಿಳಿಸಬೇಕು, ಈ ಕಾಯಿಲೆಯಲ್ಲಿ ಅದರಿಂದ ಮಂಪರು, ಗೊಂದಲ ಬರಬಹುದು. ರೊಟ್ಟಿ, ಪುಂಡಿಪಲ್ಯ ಧಾರಾಳವಾಗಿ ತಿನ್ನಲಿ. ಆದರೆ ಅಷ್ಟರಿಂದಲೇ 8.4 ಮೇಲೇರೋದಿಲ್ಲ.

“ಮತ್ತ ಗುಳಿಗಿ ಚಾಲೂ ಮಾಡಿದ್ರ ಮತ್ತ ಕರ್ರಗ ಅಕ್ಕೈತಲ್ರಿ, ಹೆಂಗ ಗೊತ್ತಾಗಬೇಕು?” ಅಂದರು ಅವರ ಹೆಂಡತಿ. ಅಂದಿನ ಒಳ್ಳೆಯ ಪ್ರಶ್ನೆ ಅದೇ. ಅಂಟಂಟಾಗಿ, ಕೆಟ್ಟ ನಾತ ಬಂದರೆ, ಎದ್ದು ನಿಂತಾಗ ತಲೆ ತಿರುಗಿದರೆ, ರಿಪೋರ್ಟಿಗೂ ಕಾಯಬೇಡಿ, ಗಾಡಿ ಹತ್ತಿ ಅಂದೆ.